ವುಡ್ಸ್ ಸುಮ್ಮನಿದ್ದರು, ಇಂಟರ್‌ನೆಟ್ ಸುಮ್ಮನಿರಲಿಲ್ಲ

2009ರ ನವೆಂಬರ್ 27, ಶುಕ್ರವಾರ. ರಾತ್ರಿ ಎರಡೂವರೆ ಆಗುತ್ತಾ ಬಂದಿತ್ತು. ಅಮೆರಿಕದ ಫ್ಲಾರಿಡಾ ರಾಜ್ಯದ ವಿಂಡರ್‌ಮಿಯರ್‌ನಲ್ಲಿ, ಗೇಟು, ಕಾವಲು ಎಲ್ಲ ಇದ್ದ ಶ್ರೀಮಂತರ ಬಡಾವಣೆಯೊಂದರಲ್ಲಿ, ಒಂದು ಕ್ಯಾಡಿಲ್ಯಾಕ್ ಕಾರು ಮನೆಯಿಂದ ಹೊರಬಿತ್ತು. ಮೊದಲು ರಸ್ತೆಬದಿಯ ಫೈರ್ ಹೈಡ್ರಂಟ್‌ಗೆ, ಅಂದರೆ ಬೆಂಕಿ ಆರಿಸಲು ನೀರು ಕೊಡುವ ಕೊಳಾಯಿಗೆ, ಗುದ್ದಿತು. ಆಮೇಲೆ ಪಕ್ಕದ ಮನೆಯವರ ಮರಕ್ಕೆ. ಕಾರಿನಲ್ಲಿದ್ದವರು ಗಾಲ್ಫ್ ಆಟಗಾರ ಟೈಗರ್ ವುಡ್ಸ್. ಕಾರಿನ ಹಿಂದಿನ ಗಾಜು ಪುಡಿಯಾಗಿತ್ತು. ಅದನ್ನು ಗಾಲ್ಫ್ ಕೋಲಿನಿಂದ ಒಡೆದವರು ಹೆಂಡತಿ ಎಲಿನ್ ನಾರ್ಡೆಗ್ರೆನ್. ಗಂಡನನ್ನು ಹೊರಗೆ ತೆಗೆಯಲು ಹಾಗೆ ಮಾಡಿದರು ಅಂತ ಪೊಲೀಸರು ತಿಳಿಸಿದರು.

ಅಜಾಗರೂಕ ಚಾಲನೆಗೆ 164 ಡಾಲರ್ ದಂಡ ಬಿತ್ತು. ಕಾನೂನಿನ ಲೆಕ್ಕದಲ್ಲಿ ಕಥೆ ಅಷ್ಟೇ.

ಆದರೆ ಅದಕ್ಕೆ ಎರಡು ದಿನ ಮೊದಲು ‘ನ್ಯಾಷನಲ್ ಎನ್‌ಕ್ವೈರರ್’ ಅನ್ನೋ ಗಾಸಿಪ್ ಪತ್ರಿಕೆ, ವುಡ್ಸ್‌ಗೆ ಮದುವೆಯಾಚೆಗೆ ಸಂಬಂಧವಿದೆ ಎಂದು ಬರೆದಿತ್ತು. ಆ ಪತ್ರಿಕೆ ಬರೆದದ್ದನ್ನೆಲ್ಲ ಯಾರೂ ನಂಬುವುದಿಲ್ಲ. ಈಗ ಆ ಸುದ್ದಿಯ ಪಕ್ಕಕ್ಕೆ ನಡುರಾತ್ರಿಯ ಅಪಘಾತ ಬಂತು, ಒಡೆದ ಗಾಜು ಬಂತು, ಗಾಲ್ಫ್ ಕೋಲೂ ಬಂತು. ಎರಡನ್ನೂ ಸೇರಿಸಿ ಹೊಲಿಯೋದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಇಷ್ಟೊಂದು ಗದ್ದಲ ಯಾಕೆ ಎದ್ದಿತು ಅಂತ ತಿಳಿಯಬೇಕಾದರೆ ವುಡ್ಸ್ ಅಲ್ಲಿಯವರೆಗೆ ಏನಾಗಿದ್ದರು ಅಂತ ನೋಡಬೇಕು. 1997ರಲ್ಲಿ, 21ನೇ ವಯಸ್ಸಿಗೆ, ಮಾಸ್ಟರ್ಸ್ ಎಂಬ ದೊಡ್ಡ ಗಾಲ್ಫ್ ಪಂದ್ಯಾವಳಿಯನ್ನು 12 ಹೊಡೆತಗಳ ಅಂತರದಿಂದ ಗೆದ್ದವರು. 2009ರ ಹೊತ್ತಿಗೆ 14 ಮೇಜರ್ ಪ್ರಶಸ್ತಿಗಳು, ಅಂದರೆ ಮಾಸ್ಟರ್ಸ್ ಸೇರಿ ಗಾಲ್ಫ್‌ನ ನಾಲ್ಕು ಅತಿ ದೊಡ್ಡ ಪಂದ್ಯಾವಳಿಗಳಲ್ಲಿ ಗೆದ್ದವು. ನೂರು ಕೋಟಿ ಡಾಲರ್ ಗಳಿಕೆ ದಾಟಿದ ಮೊದಲ ಕ್ರೀಡಾಪಟು ಅಂತ ಅದೇ ವರ್ಷ ‘ಫೋರ್ಬ್ಸ್’ ಲೆಕ್ಕ ಹಾಕಿತ್ತು. ಆ ದುಡ್ಡಿನಲ್ಲಿ ಬಹುಮಾನಕ್ಕಿಂತ ಜಾಹೀರಾತಿನ ಪಾಲೇ ಜಾಸ್ತಿ. ನೈಕಿ, ಜಿಲೆಟ್, ಗೇಟರೇಡ್, ಎಟಿ ಅಂಡ್ ಟಿ, ಅಕ್ಸೆಂಚರ್ ಎಲ್ಲವೂ ಕೊಂಡದ್ದು ಒಂದೇ ಸರಕು: ತಪ್ಪೇ ಮಾಡದ ಮನುಷ್ಯ.

ಇಂಟರ್‌ನೆಟ್‌ಗೂ ಆಗ ಅವರು ಅಚ್ಚುಮೆಚ್ಚು. 2008ರ ಒಂದು ಘಟನೆ ನನಗೆ ತುಂಬಾ ಇಷ್ಟ. ವುಡ್ಸ್ ಹೆಸರಿನ ವಿಡಿಯೊ ಗೇಮ್‌ನಲ್ಲಿ ಒಂದು ದೋಷವಿತ್ತು. ಆಟದ ವುಡ್ಸ್ ಕೆರೆ ನೀರಿನ ಮೇಲೆ ನಿಂತು ಚೆಂಡು ಹೊಡೆಯುತ್ತಿದ್ದರು. ಯಾರೋ ಅದನ್ನು ಯೂಟ್ಯೂಬ್‌ಗೆ ಹಾಕಿ ನಕ್ಕರು. ಕಂಪನಿ ಬೇಸರ ಮಾಡಿಕೊಳ್ಳಲಿಲ್ಲ. ನಿಜವಾದ ವುಡ್ಸ್ ನೀರಿನ ಮೇಲೆ ನಡೆದು ಹೋಗಿ ಚೆಂಡು ಹೊಡೆಯುವ ಜಾಹೀರಾತನ್ನೇ ಮಾಡಿ ಹಾಕಿತು. ಅದು ದೋಷವಲ್ಲ, ಆತ ಆಡೋದೇ ಹಾಗೆ ಎಂಬುದು ಅದರ ಚಟಾಕಿ. ಜನ ಬಾಯಿ ತುಂಬಾ ನಕ್ಕರು. ಹದಿನೈದು ತಿಂಗಳು ಕಳೆದ ಮೇಲೆ ಅದೇ ಜನ, ಅದೇ ಯೂಟ್ಯೂಬ್, ಆದರೆ ನಗು ಬೇರೆ.

ಅಪಘಾತದ ಮಾರನೆಯ ದಿನಗಳಲ್ಲಿ ವುಡ್ಸ್ ಮಾಡಿದ್ದು ಹಳೆಯ ಉಪಾಯ: ಬಾಯಿ ಬಿಡಬೇಡಿ, ತಣ್ಣಗಾಗುತ್ತೆ. ಹೇಳಿಕೆ ಪಡೆಯಲು ಬಂದ ಹೆದ್ದಾರಿ ಪೊಲೀಸರು ಮೂರು ದಿನವೂ ಬರಿಗೈಲಿ ವಾಪಸ್ ಹೋದರು. ಹೇಳಿಕೆ ಕೊಡಲೇಬೇಕು ಅಂತ ಅಲ್ಲಿನ ಕಾನೂನಿನಲ್ಲಿ ಇರಲಿಲ್ಲ. ಭಾನುವಾರ ವುಡ್ಸ್ ತಮ್ಮ ವೆಬ್‌ಸೈಟ್‌ನಲ್ಲಿ ಚಿಕ್ಕ ಹೇಳಿಕೆ ಹಾಕಿದರು. ತಪ್ಪು ನನ್ನದೇ, ಇದು ಖಾಸಗಿ ವಿಷಯ ಅನ್ನೋದು ಅದರ ಸಾರ.

ಈ ಉಪಾಯ ಅಲ್ಲಿಯವರೆಗೆ ಕೆಲಸ ಮಾಡಿತ್ತು, ಅಲ್ವಾ? ಆಟಗಾರರ ಜೊತೆಗೇ ರೈಲಿನಲ್ಲಿ ಓಡಾಡುತ್ತಿದ್ದ ಹಳೆಯ ಕಾಲದ ಕ್ರೀಡಾ ವರದಿಗಾರರು ಎಷ್ಟೋ ಕಂಡೂ ಕಾಣದ ಹಾಗೆ ಇರುತ್ತಿದ್ದರು. ವುಡ್ಸ್ ವಿಷಯದಲ್ಲೂ ಅಂಥದ್ದು ಒಂದು ನಡೆದಿತ್ತು ಅಂತ ‘ವಾಲ್ ಸ್ಟ್ರೀಟ್ ಜರ್ನಲ್’ ಆ ಡಿಸೆಂಬರ್‌ನಲ್ಲಿ ಬರೆಯಿತು. 2007ರಲ್ಲಿ ಎನ್‌ಕ್ವೈರರ್ ಕೈಗೆ ಇಂಥದ್ದೇ ಸುದ್ದಿ ಸಿಕ್ಕಿತ್ತಂತೆ. ಅದನ್ನು ಅಚ್ಚು ಹಾಕದೆ ಇರುವುದಕ್ಕೆ ಬದಲಾಗಿ, ಅದೇ ಪ್ರಕಾಶಕರ ವ್ಯಾಯಾಮ ಪತ್ರಿಕೆಯೊಂದರ ಮುಖಪುಟಕ್ಕೆ ವುಡ್ಸ್ ಫೋಟೊ ಕೊಟ್ಟರಂತೆ. ಪ್ರಕಾಶಕರು ಇದನ್ನು ಅಲ್ಲಗಳೆದರು. ನಿಜವೋ ಸುಳ್ಳೋ, ಅಂಥ ಒಪ್ಪಂದಕ್ಕೆ ಎದುರಿಗೊಬ್ಬ ಸಂಪಾದಕ ಕೂತಿರಬೇಕು. 2009ರಲ್ಲಿ ಯಾರ ಜೊತೆ ಕೂತು ಮಾತಾಡುವುದು? ಒಬ್ಬರು ಬರೆದದ್ದನ್ನು ಇನ್ನೊಬ್ಬರು ಸುಲಭವಾಗಿ ಹಂಚೋದಕ್ಕೆ ಟ್ವಿಟರ್‌ಗೆ ರೀಟ್ವೀಟ್ ಬಟನ್ ಬಂದದ್ದು ಅದೇ ನವೆಂಬರ್‌ನಲ್ಲಿ. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗಲ್ಲ ಅನ್ನೋ ಗಾದೆ ಇದೆಯಲ್ಲ, ಈಗ ಆ ಊರಿಗೆ ಎಲ್ಲೆಯೇ ಇರಲಿಲ್ಲ.

ಸಾಲದ್ದಕ್ಕೆ ಫ್ಲಾರಿಡಾದಲ್ಲಿ ಸರ್ಕಾರಿ ದಾಖಲೆಗಳು ಸಾರ್ವಜನಿಕರಿಗೆ ಸುಲಭವಾಗಿ ಸಿಗುತ್ತವೆ. ನೆರೆಮನೆಯವರು ಸಹಾಯಕ್ಕಾಗಿ ತುರ್ತು ಸಂಖ್ಯೆ 911ಕ್ಕೆ ಮಾಡಿದ ಕರೆಯ ಧ್ವನಿಮುದ್ರಣ ಭಾನುವಾರವೇ ಹೊರಬಂತು. ವುಡ್ಸ್ ಮಾತಾಡದಿದ್ದರೂ ಕೇಳೋದಕ್ಕೆ ಏನೋ ಸಿಕ್ಕಿತು. ನೋಡೋದಕ್ಕೆ ಮಾತ್ರ ಏನೂ ಇರಲಿಲ್ಲ.

ಆ ಕೊರತೆಯನ್ನು ತೈವಾನ್‌ನ ಒಂದು ಸುದ್ದಿ ಸಂಸ್ಥೆ ನೀಗಿಸಿತು. ‘ಆಪಲ್ ಡೈಲಿ’ ಬಳಗದ ನೆಕ್ಸ್ಟ್ ಮೀಡಿಯಾ, ಆ ರಾತ್ರಿ ಹೀಗಾಗಿರಬಹುದು ಅಂತ ಒಂದು ಅನಿಮೇಷನ್ ಮಾಡಿತು. ಗೊಂಬೆಯಂಥ ವುಡ್ಸ್ ಕಾರು ಓಡಿಸುತ್ತಾರೆ, ಹೆಂಡತಿ ಗಾಲ್ಫ್ ಕೋಲು ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ಹಾಗೆ ನಡೆಯಿತು ಅನ್ನೋದಕ್ಕೆ ಸಾಕ್ಷಿ ಇರಲಿಲ್ಲ. ಯೂಟ್ಯೂಬ್‌ನಲ್ಲಿ ಲಕ್ಷಾಂತರ ಜನ ನೋಡಿದರು. ಚೀನಿ ಭಾಷೆ ಬರದವರಿಗೂ ಎಲ್ಲ ಅರ್ಥವಾಯಿತು. ಅಲ್ಲಿಂದಾಚೆ ಯಾರನ್ನೇ ಕೇಳಿ, ಆ ರಾತ್ರಿ ಕಣ್ಣಾರೆ ಕಂಡವರ ಹಾಗೆ ಅದೇ ದೃಶ್ಯ ಹೇಳುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಜೋಕುಗಳಲ್ಲಿ ಹೆಂಡತಿ ಗಂಡನನ್ನು ಹೊಡೆಯುತ್ತಾಳೆ, ಅದೇ ತಮಾಷೆ. ಗಂಡ ಕೋಲು ಹಿಡಿದು ಹೆಂಡತಿಯನ್ನು ಅಟ್ಟಿದ್ದಿದ್ದರೆ ಯಾರಾದರೂ ಕಾರ್ಟೂನ್ ಮಾಡುತ್ತಿದ್ದರಾ? ಇನ್ನು ಎಲಿನ್ ಇಡೀ ಗಲಾಟೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ತಪ್ಪು ಗಂಡನದು, ಕಾರ್ಟೂನಿನ ಮುಖ್ಯ ಪಾತ್ರ ಮಾತ್ರ ಅವರು.

ಡಿಸೆಂಬರ್ 2ರಂದು ಇನ್ನೊಂದು ಪತ್ರಿಕೆ ವಾಯ್ಸ್‌ಮೇಲ್ ಒಂದನ್ನು, ಅಂದರೆ ಫೋನಿನಲ್ಲಿ ಬಿಟ್ಟ ಧ್ವನಿ ಸಂದೇಶವನ್ನು, ಹೊರಹಾಕಿತು. ನನ್ನ ಹೆಂಡತಿ ಫೋನ್ ಮಾಡಬಹುದು, ನಿನ್ನ ಫೋನಿನಿಂದ ಹೆಸರು ತೆಗೆದುಬಿಡು ಅಂತ ಒಂದು ಗಂಡಸಿನ ಧ್ವನಿ ಕೇಳಿಕೊಳ್ಳುತ್ತಿತ್ತು. ಅದಕ್ಕೆ ಸಂಗೀತ ಕೂಡಿಸಿ ಹಾಡು ಮಾಡಿದವರೂ ಇದ್ದರು. ಅದೇ ದಿನ ವುಡ್ಸ್, ಮನೆಯವರಿಗೆ ದ್ರೋಹವಾಗುವಂತೆ ನಡೆದುಕೊಂಡೆ ಅಂತ ಸುತ್ತಿಬಳಸಿ ಬರೆದರು. ಡಿಸೆಂಬರ್ 11ಕ್ಕೆ ದಾಂಪತ್ಯದಲ್ಲಿ ನಿಷ್ಠೆ ತಪ್ಪಿದ್ದನ್ನು ನೇರವಾಗಿ ಒಪ್ಪಿಕೊಂಡು, ಗಾಲ್ಫ್‌ನಿಂದ ದೂರ ಸರಿದರು. ಎರಡು ವಾರದಲ್ಲಿ ಮೂರು ಹೇಳಿಕೆ. ಪ್ರತಿ ಸಲವೂ ಜನಕ್ಕೆ ಆಗಲೇ ಗೊತ್ತಾಗಿದ್ದಷ್ಟನ್ನೇ ಒಪ್ಪಿಕೊಂಡರು.

ಜಾಹೀರಾತಿನ ಕಂಪನಿಗಳು ಒಂದೊಂದಾಗಿ ಕಳಚಿಕೊಂಡವು. ಅಕ್ಸೆಂಚರ್ ಡಿಸೆಂಬರ್ 13ರಂದು, ಎಟಿ ಅಂಡ್ ಟಿ ತಿಂಗಳ ಕೊನೆಗೆ, ಗೇಟರೇಡ್ ಫೆಬ್ರುವರಿಯಲ್ಲಿ. ಆದರೆ ನೈಕಿ ಜೊತೆಗೆ ನಿಂತಿತು. ವಿಮಾನ ನಿಲ್ದಾಣಗಳಲ್ಲಿ ವುಡ್ಸ್ ಮುಖ ತೋರಿಸುತ್ತಿದ್ದ ಅಕ್ಸೆಂಚರ್, ಹೊಸ ಜಾಹೀರಾತಿಗೆ ಅಲೆಯ ಮೇಲೆ ಸರ್ಫಿಂಗ್ ಮಾಡುವ ಆನೆಯನ್ನು ಹಾಕಿಕೊಂಡಿತು. ಆನೆ ವಾಯ್ಸ್‌ಮೇಲ್ ಬಿಡೋದಿಲ್ಲ ನೋಡಿ. ಪ್ರಾಯೋಜಕ ಕಂಪನಿಗಳ ಷೇರುದಾರರಿಗೆ 500 ಕೋಟಿಯಿಂದ 1,200 ಕೋಟಿ ಡಾಲರ್ ನಷ್ಟವಾಗಿರಬಹುದು ಅಂತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಇಬ್ಬರು ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದರು.

2010ರ ಫೆಬ್ರುವರಿ 19ರಂದು ವುಡ್ಸ್ ಕೊನೆಗೂ ಕ್ಯಾಮೆರಾ ಮುಂದೆ ಬಂದರು. ಫ್ಲಾರಿಡಾದ ಟಿಪಿಸಿ ಸಾಗ್ರಾಸ್ ಗಾಲ್ಫ್ ಕ್ಲಬ್ಬಿನಲ್ಲಿ ಆಯ್ದ ಕೆಲವೇ ಜನರ ಎದುರು ಬರೆದಿಟ್ಟುಕೊಂಡ ಕ್ಷಮಾಪಣೆ ಓದಿದರು. ಹದಿಮೂರು ಚಿಲ್ಲರೆ ನಿಮಿಷ. ಪ್ರಶ್ನೆ ಕೇಳುವಂತಿಲ್ಲ. ಅಮೆರಿಕದ ದೊಡ್ಡ ಚಾನೆಲ್‌ಗಳೆಲ್ಲ ನೇರ ಪ್ರಸಾರ ಮಾಡಿದವು. ಆ ಭಾಷಣದಲ್ಲಿ ನನಗೆ ಮುಖ್ಯವಾಗಿ ಕಾಣೋದು ಕ್ಷಮಾಪಣೆಯಲ್ಲ. ಎಲಿನ್ ಆ ರಾತ್ರಿಯಾಗಲಿ ಬೇರೆ ಯಾವತ್ತೇ ಆಗಲಿ ನನ್ನ ಮೇಲೆ ಕೈ ಮಾಡಿಲ್ಲ ಅಂತ ಅವರು ಅಲ್ಲಿ ಹೇಳಿದರು. ಅಪಘಾತದ ದಿನ ಬೆಳಿಗ್ಗೆಯೇ ಹೇಳಬಹುದಾಗಿದ್ದ ಒಂದು ಸಾಲು. ಅಷ್ಟು ನೇರವಾಗಿ ಹೇಳೋದಕ್ಕೆ ಹನ್ನೆರಡು ವಾರ ಹಿಡಿಯಿತು. ಅಷ್ಟರಲ್ಲಿ ಕಾರ್ಟೂನು ಜಗತ್ತು ಸುತ್ತಿ ಬಂದಿತ್ತು.

ಏಪ್ರಿಲ್‌ನಲ್ಲಿ ಮಾಸ್ಟರ್ಸ್‌ಗೆ ಮರಳುವ ಹೊತ್ತಿಗೆ ನೈಕಿ ಇನ್ನೊಂದು ಎಡವಟ್ಟು ಮಾಡಿತು. ಕಪ್ಪು ಬಿಳುಪು ಜಾಹೀರಾತು. ವುಡ್ಸ್ ಕ್ಯಾಮೆರಾ ನೋಡುತ್ತಾ ನಿಂತಿದ್ದಾರೆ. 2006ರಲ್ಲಿ ತೀರಿಕೊಂಡ ತಂದೆ ಅರ್ಲ್ ಅವರ ಹಳೆಯ ಧ್ವನಿ, ಏನಾದರೂ ಕಲಿತೆಯಾ ಅಂತ ಮಗನನ್ನು ಕೇಳುತ್ತೆ. ತಂದೆಯ ಧ್ವನಿ ತೆಗೆದು ಬೇರೆ ಧ್ವನಿ ತುಂಬಿದ ಅಣಕು ವಿಡಿಯೊಗಳು ಕೂಡಲೇ ಬರತೊಡಗಿದವು. ಈ ಸಲ ಜನರನ್ನು ಬೈಯಲು ನನಗೆ ಮನಸ್ಸಿಲ್ಲ. ಸತ್ತವರ ಧ್ವನಿಯನ್ನು ಬೂಟು ಮಾರೋದಕ್ಕೆ ಬಳಸಿದವರು ಈ ಅಣಕವನ್ನು ತಾವೇ ಮೈಮೇಲೆ ಎಳೆದುಕೊಂಡರು.

ಆಗಸ್ಟ್‌ನಲ್ಲಿ ವಿಚ್ಛೇದನವಾಯಿತು. ಅಕ್ಟೋಬರ್ ಕೊನೆಗೆ, 281 ವಾರ ಬಿಡದೆ ಹಿಡಿದಿದ್ದ ವಿಶ್ವದ ನಂಬರ್ ಒನ್ ಸ್ಥಾನವೂ ಹೋಯಿತು. ಮುಂದೆ ಬೆನ್ನಿನ ಶಸ್ತ್ರಚಿಕಿತ್ಸೆಗಳು. 2017ರ ಮೇ 29ರಂದು ಫ್ಲಾರಿಡಾದ ಜ್ಯುಪಿಟರ್‌ನಲ್ಲಿ, ರಸ್ತೆಯಲ್ಲಿ ನಿಂತಿದ್ದ ಕಾರಿನೊಳಗೆ ನಿದ್ದೆ ಹೋಗಿದ್ದ ಅವರನ್ನು ಪೊಲೀಸರು ಬಂಧಿಸಿದರು. ಮದ್ಯ ಕುಡಿದಿರಲಿಲ್ಲ. ನೋವಿನ ಮತ್ತು ನಿದ್ದೆಯ ಔಷಧಗಳೂ ಸೇರಿ ಐದು ಬಗೆಯ ಪದಾರ್ಥಗಳು ದೇಹದಲ್ಲಿದ್ದವು. ಆದರೆ ಪರೀಕ್ಷೆಯ ವರದಿಗಿಂತ ಠಾಣೆಯಲ್ಲಿ ತೆಗೆದ ಫೋಟೊ ಬಹಳ ಮುಂಚೆ ಓಡಿತು. ಊದಿದ ಕಣ್ಣು, ಕೆದರಿದ ಕೂದಲು. ಗಂಟೆಗಳಲ್ಲಿ ಮೀಮ್ ಆಯಿತು, ಆಮೇಲೆ ಟೀ ಶರ್ಟ್ ಮೇಲೂ ಬಂತು.

2019ರ ಏಪ್ರಿಲ್ 14ರಂದು, 43ನೇ ವಯಸ್ಸಿನಲ್ಲಿ, ವುಡ್ಸ್ ಒಂದು ಹೊಡೆತದ ಅಂತರದಿಂದ ಮಾಸ್ಟರ್ಸ್ ಗೆದ್ದರು. ಅದು 15ನೇ ಮೇಜರ್, ಹನ್ನೊಂದು ವರ್ಷಗಳ ನಂತರ ಬಂದದ್ದು. ಕೊನೆಯ ಕುಳಿಯ ಹಸಿರು ಹಾಸಿನ ಹಿಂದೆ ಮಗನನ್ನು ತಬ್ಬಿಕೊಂಡರು. 1997ರಲ್ಲಿ, ಮಾಸ್ಟರ್ಸ್ ನಡೆಯುವ ಅದೇ ಅಗಸ್ಟಾದಲ್ಲಿ ಗೆದ್ದಾಗ ತಂದೆಯನ್ನು ತಬ್ಬಿಕೊಂಡಿದ್ದರು. ಎರಡೂ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ಜನ ಹಂಚಿದ್ದೇ ಹಂಚಿದ್ದು, ಕಣ್ಣೀರಿನ ಇಮೋಜಿ ಬೇರೆ. ಅವರಲ್ಲಿ ಎಷ್ಟು ಮಂದಿ ಹತ್ತು ವರ್ಷದ ಹಿಂದೆ ಆ ಕಾರ್ಟೂನನ್ನೂ ಹಂಚಿದ್ದರೋ. ಅಪಘಾತದ ರಾತ್ರಿ ಆ ಮಗುವಿಗೆ ಒಂಬತ್ತು ತಿಂಗಳು.