ಲ್ಯಾವೆನ್‌ಹ್ಯಾಮ್: ಕೆಡವಲು ಕಾಸಿಲ್ಲದೆ ಉಳಿದ ಊರು

ಇಂಗ್ಲೆಂಡಿನ ಸಫೊಕ್ ಕೌಂಟಿಯಲ್ಲಿರುವ ಲ್ಯಾವೆನ್‌ಹ್ಯಾಮ್ ಹಳ್ಳಿಯ ಸೊಟ್ಟ ಮನೆಗಳನ್ನು ನೋಡಿದವರು ಸಾಮಾನ್ಯವಾಗಿ ಕೇಳುವುದು, ಇವು ಇನ್ನೂ ಬಿದ್ದಿಲ್ಲವೇಕೆ ಎಂದು. ಹಳೆಯ ಕಟ್ಟಡಗಳ ದುರಸ್ತಿಯೇ ಕಸುಬಾಗಿರುವ ನನಗೆ ಅದಕ್ಕಿಂತ ಮೊದಲು ಏಳುವ ಪ್ರಶ್ನೆ, ಇವನ್ನು ಯಾರೂ ಕೆಡವಲಿಲ್ಲವೇಕೆ ಎಂಬುದು.

1257ರಲ್ಲಿ ಸಂತೆಯ ಹಕ್ಕು ಪಡೆದ ಈ ಊರು ವೋಡ್ ಗಿಡದ ಎಲೆಯಿಂದ ಬಣ್ಣ ಕಟ್ಟಿದ ದಪ್ಪನೆಯ ನೀಲಿ ಉಣ್ಣೆಬಟ್ಟೆಗೆ ಹೆಸರಾಗಿತ್ತು. 1524ರ ತೆರಿಗೆಯ ಲೆಕ್ಕದಲ್ಲಿ ಇದು ಇಂಗ್ಲೆಂಡಿನ ಹದಿನಾಲ್ಕನೆಯ ಶ್ರೀಮಂತ ಪಟ್ಟಣ. ಸೇಂಟ್ ಪೀಟರ್ ಮತ್ತು ಸೇಂಟ್ ಪಾಲ್ ಚರ್ಚಿನ ಸುಮಾರು 43 ಮೀಟರ್ ಎತ್ತರದ ಗೋಪುರಕ್ಕೆ ಆಕ್ಸ್‌ಫರ್ಡಿನ ಅರ್ಲ್ ಜಾನ್ ಡಿ ವೇರ್ ಜೊತೆಗೆ ಬಟ್ಟೆ ವ್ಯಾಪಾರಿ ಥಾಮಸ್ ಸ್ಪ್ರಿಂಗ್ ಕೂಡ ಹಣ ಸುರಿದರು. ವ್ಯಾಪಾರಿಯ ಕುಲಲಾಂಛನ ಗೋಪುರದ ಮೇಲೆ ಮತ್ತೆ ಮತ್ತೆ ಕಾಣುವುದನ್ನು ನೋಡಿದರೆ ಹೊಸ ಹಣಕ್ಕೆ ಸಂಕೋಚವೇನೂ ಇರಲಿಲ್ಲವೆನ್ನಬೇಕು. ಆದರೆ ಕೋಲ್ಚೆಸ್ಟರ್‌ನಲ್ಲಿ ನೆಲೆಸಿದ ಡಚ್ ನಿರಾಶ್ರಿತರು ಹಗುರವೂ ಅಗ್ಗವೂ ಆದ ಬಟ್ಟೆ ನೇಯತೊಡಗಿದಾಗ ಇಲ್ಲಿನ ವ್ಯಾಪಾರ ಕುಸಿಯಿತು. ಬೇರೆ ಊರುಗಳಲ್ಲಿ ಹಳೆಯ ಮರದ ಮನೆಗಳನ್ನು ಕೆಡವಿ, ಇಲ್ಲವೇ ಮುಂಭಾಗಕ್ಕೆ ಇಟ್ಟಿಗೆಯ ಹೊಸ ಮುಖ ಕಟ್ಟಿ, ಕಾಲಕ್ಕೆ ತಕ್ಕಂತೆ ಬದಲಾಯಿಸುತ್ತಿದ್ದಾಗ ಲ್ಯಾವೆನ್‌ಹ್ಯಾಮಿನ ಹೆಚ್ಚಿನ ಮನೆಯವರ ಕೈಯಲ್ಲಿ ಅದಕ್ಕೆ ಕಾಸಿರಲಿಲ್ಲ.

ಇನ್ನು ಸೊಟ್ಟತನದ ವಿಷಯ. ಒಣಗಿದ ಓಕ್ ಮರ ಉಳಿಗೆ ಬಗ್ಗುವುದಿಲ್ಲವಾದ್ದರಿಂದ ಬಡಗಿಗಳು ಹಸಿಮರವನ್ನೇ ಕೆತ್ತುತ್ತಿದ್ದರು. ಚೌಕಟ್ಟನ್ನು ಮೊದಲು ಅಂಗಳದಲ್ಲಿ ಜೋಡಿಸಿ, ಪ್ರತಿ ಕೂಡಿಕೆಗೂ ರೋಮನ್ ಅಂಕಿಗಳಂಥ ಗೆರೆ ಕೊರೆದು, ಬಿಚ್ಚಿ ಸಾಗಿಸಿ, ನಿವೇಶನದಲ್ಲಿ ಅಂಕಿ ನೋಡಿ ಮರದ ಗೂಟ ಹೊಡೆದು ನಿಲ್ಲಿಸುವುದು ಆಗಿನ ರೂಢಿ. ಮರ ಒಣಗುತ್ತ ತಿರುಚಿಕೊಂಡರೂ ಕೂಡಿಕೆಗಳು ಬಿಗಿದುಕೊಳ್ಳುತ್ತಿದ್ದವು. ಕಂಬಗಳ ನಡುವಿನ ಜಾಗಕ್ಕೆ ಕಡ್ಡಿಯ ತಡಿಕೆ ಹೆಣೆದು, ಹುಲ್ಲು ಬೆರೆಸಿದ ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿದರೆ ಗೋಡೆ ಸಿದ್ಧ. ಸುಮಾರು 1530ರಲ್ಲಿ ಕಾರ್ಪಸ್ ಕ್ರಿಸ್ಟಿ ಎಂಬ ಧಾರ್ಮಿಕ ಸಂಘ ಕಟ್ಟಿಸಿದ ಗಿಲ್ಡ್‌ಹಾಲ್‌ನಲ್ಲಿ, ಅಂದರೆ ಸಂಘದ ಸಭಾಭವನದಲ್ಲಿ, ಕಂಬಗಳು ಒತ್ತೊತ್ತಾಗಿವೆ. ಭಾರ ಹೊರಲು ಅಷ್ಟು ಮರ ಬೇಕಿಲ್ಲ. ಅದು ಸಿರಿಯ ಪ್ರದರ್ಶನ. ಧಾರ್ಮಿಕ ಸಂಘಗಳು ರದ್ದಾದ ಮೇಲೆ ಸೆರೆಮನೆಯಾಗಿಯೂ ಬಡವರ ದುಡಿಮೆಮನೆಯಾಗಿಯೂ ಬಳಕೆಯಾದ ಆ ಕಟ್ಟಡ 1951ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಸೇರಿತು.

ಬಿಚ್ಚಿ ಜೋಡಿಸುವ ಈ ಗುಣವೇ ಒಮ್ಮೆ ಊರಿಗೆ ಮುಳುವಾಗುವುದರಲ್ಲಿತ್ತು. 20ನೆಯ ಶತಮಾನದ ಆರಂಭದಲ್ಲಿ ಇಲ್ಲಿನ ವುಲ್ ಹಾಲ್ (ಉಣ್ಣೆ ಸಭಾಂಗಣ) ಎಂಬ ಹಳೆಯ ಮರದ ಕಟ್ಟಡವನ್ನು ಕಳಚಿ ಬೇರೆಡೆಗೆ ಒಯ್ಯುವ ಏರ್ಪಾಡಾಯಿತು. ಜನರ ಪ್ರತಿಭಟನೆಯ ಬಳಿಕ ಅದೇ ಮರಗಳನ್ನು ಮತ್ತೆ ಸ್ವಸ್ಥಾನದಲ್ಲಿ ನಿಲ್ಲಿಸಲಾಯಿತು. ಈಗ ಅದು ಹೋಟೆಲೊಂದರ ಭಾಗ.

ನನ್ನ ಮಟ್ಟಿಗೆ ಇಂಥ ಮನೆಗಳ ದೊಡ್ಡ ಶತ್ರು ವಯಸ್ಸಲ್ಲ, ಸಿಮೆಂಟ್. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ ಮತ್ತು ಮರ ಅಲುಗಿದರೆ ತಾನೂ ಒಂದಿಷ್ಟು ಹೊಂದಿಕೊಳ್ಳುತ್ತದೆ. ಸಿಮೆಂಟ್ ಗಡುಸಾಗಿ ನಿಂತು ಅಂಚಿನಲ್ಲಿ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಇಳಿದ ಮಳೆನೀರು ಹಿಂದಿರುಗುವ ದಾರಿಯಿಲ್ಲದೆ ಕಂಬದ ಬುಡವನ್ನೇ ಕೊಳೆಸುತ್ತದೆ. ಆದ್ದರಿಂದ ದುರಸ್ತಿ ಶುರುವಾಗಬೇಕಾದದ್ದು ಸಿಮೆಂಟನ್ನು ಕಂಬಕ್ಕೆ ಏಟಾಗದಂತೆ ನಿಧಾನವಾಗಿ ಕೆತ್ತಿ ತೆಗೆಯುವುದರಿಂದ. ಕೊಳೆತಷ್ಟೇ ಮರವನ್ನು ಕತ್ತರಿಸಿ ಹೊಸ ಓಕ್ ತುಂಡು ಕೂಡಿಸಿ, ಗೋಡೆ ಒಣಗಿದ ಮೇಲೆಯೇ ಸುಣ್ಣಕ್ಕೆ ಕೈಹಾಕಬೇಕು.