ರೇಷನ್ ಕಾರ್ಡಿನಲ್ಲಿ ಸಿಕ್ಕ ತಮ್ಮ

ಬಾಲಮಂದಿರದ ಆಫೀಸ್ ರೂಮಿನಲ್ಲಿ ಹುಡುಗಿ ನನ್ನ ಎದುರು ಕೂತಿದ್ದಳು. ಹನ್ನೊಂದು ವರ್ಷ. ನಾನು ಲಾಯರ್, ನಿನ್ನ ಪರವಾಗಿ ಮಾತಾಡೋಕೆ ಬಂದಿದ್ದೀನಿ ಕಣವ್ವ ಅಂದೆ. ಅವಳು ಸ್ವಲ್ಪ ಹೊತ್ತು ನನ್ನ ಕಪ್ಪು ಕೋಟನ್ನೇ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು: “ಮೇಡಂ, ನಮ್ ತಮ್ಮ ಎಲ್ಲಿದಾನ್ರಿ?”

ನನ್ನ ಕೈಯಲ್ಲಿದ್ದ ಫೈಲಿನಲ್ಲಿ ತಮ್ಮ ಅನ್ನುವವನೇ ಇರಲಿಲ್ಲ. ಒಡಹುಟ್ಟಿದವರ ಹೆಸರು ಬರೆಯುವ ಜಾಗ ಖಾಲಿ ಇತ್ತು.

ನಾನು ದಾವಣಗೆರೆ ಕಡೆಯ ವಕೀಲೆ. ಚಿತ್ರದುರ್ಗಕ್ಕೂ ಹೋಗಿ ಬರುತ್ತಿರುತ್ತೇನೆ. ಉಚಿತ ಕಾನೂನು ನೆರವಿನ ಕೇಸುಗಳನ್ನು ತೆಗೆದುಕೊಳ್ಳುತ್ತೇನೆ. ಈ ಹುಡುಗಿ ಯಾವ ಜಿಲ್ಲೆಯವಳು, ಯಾವ ಊರಿನವಳು ಅಂತ ಹೇಳುವುದಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಹೊರಗೆ ಬಿಡುವ ಹಾಗಿಲ್ಲ. ಅದಕ್ಕೇ ಕೆಲವು ವಿವರಗಳನ್ನು ಬದಲಿಸಿದ್ದೇನೆ.

“ಮಗುವಿಗೆ ಯಾಕಮ್ಮ ವಕೀಲರು? ಅದೇನು ಕಳ್ಳತನ ಮಾಡಿದೆಯಾ?” ಅಂತ ನಮ್ಮ ವಕೀಲರ ಸಂಘದ ಹಿರಿಯರೊಬ್ಬರು ಕೇಳಿದ್ದರು. ನಿಜ ಹೇಳಬೇಕೆಂದರೆ, ಕಳ್ಳತನದ ಆರೋಪ ಬಂದಿದ್ದರೆ ಆ ಮಗುವಿಗೆ ವಕೀಲರು ಸಿಗುವುದು ಸುಲಭ. ಅಪರಾಧದ ಆರೋಪ ಇರುವ ಮಕ್ಕಳು ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತಾರೆ. ಅವರಿಗೆ ಕಾನೂನು ನೆರವು ಕೊಡಿಸುವುದು ಮಂಡಳಿಯ ಕರ್ತವ್ಯ ಅಂತ 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ಏನೂ ತಪ್ಪು ಮಾಡದ ಮಗು, ಅಪ್ಪ ಅಮ್ಮ ಇಲ್ಲದ್ದು, ಮನೆಯಲ್ಲಿ ಏಟು ತಿಂದದ್ದು, ಬಸ್ ಸ್ಟ್ಯಾಂಡಿನಲ್ಲಿ ಒಂಟಿಯಾಗಿ ಸಿಕ್ಕಿದ್ದು, ಅದು ಹೋಗುವುದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಇದೆ. ಮಗು ಇವತ್ತು ರಾತ್ರಿ ಎಲ್ಲಿ ಮಲಗಬೇಕು, ಯಾರ ಮನೆಗೆ ಹೋಗಬೇಕು, ಇದೆಲ್ಲ ಅಲ್ಲೇ ತೀರ್ಮಾನ. ಮಗುವಿಗೆ ತಕ್ಕ ಕಾನೂನು ಸೇವೆ ಸಿಗುವಂತೆ ನೋಡಿಕೊಳ್ಳುವುದು ಈ ಸಮಿತಿಯ ಕೆಲಸಗಳ ಉದ್ದನೆಯ ಪಟ್ಟಿಯಲ್ಲೂ ಇದೆ, ಒಂದೇ ಒಂದು ಸಾಲಿನಲ್ಲಿ. ಆ ಸಾಲು ಓದಿ “ಈ ಮಗುವಿಗೊಬ್ಬ ವಕೀಲರನ್ನು ಕೊಡಿ” ಅಂತ ನನಗೆ ಕರೆ ಬಂದದ್ದು ಬೆರಳೆಣಿಕೆಯಷ್ಟು ಸಲ.

ಅಪ್ಪ ಅಮ್ಮ ತಮ್ಮದೇ ವಕೀಲರನ್ನು ಕರೆದುಕೊಂಡು ಬರಬಹುದು. ಮಕ್ಕಳ ರಕ್ಷಣಾ ಘಟಕದಲ್ಲಿ ಕಾನೂನು ಅಧಿಕಾರಿ ಇರುತ್ತಾರೆ, ಆದರೆ ಅವರು ಘಟಕದವರು. ಮಗುವಿನವರು ಅಂತ ಯಾರೂ ಇರುವುದಿಲ್ಲ. ಎಲ್ಲರೂ ಮಗುವಿನ ಒಳ್ಳೇದಕ್ಕೇ ಮಾತಾಡುತ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮಗು ಹೇಳಿದ್ದನ್ನು ಹೇಳುವವರು ಬೇರೆಯೇ ಬೇಕು, ಅಲ್ವಾ?

ಇಲ್ಲಿ ನನ್ನ ಕೆಲಸದ ಕಷ್ಟವನ್ನೂ ಹೇಳಿಬಿಡುತ್ತೇನೆ. ಮಕ್ಕಳು ಕೇಳುವುದು ಯಾವಾಗಲೂ ಅವರಿಗೆ ಒಳ್ಳೇದೇ ಆಗಿರುವುದಿಲ್ಲ. ಒಬ್ಬ ಹುಡುಗನ ಬೆನ್ನ ಮೇಲೆ ಬೆಲ್ಟಿನ ಬರೆ ಇನ್ನೂ ಮಾಸಿರಲಿಲ್ಲ. ಅವನು ಹಠ ಹಿಡಿದದ್ದು ಅಪ್ಪನ ಹತ್ತಿರ ಹೋಗುತ್ತೇನೆ ಅಂತ. ನಾನು ಏನು ಮಾಡಲಿ? ಅವನಿಗೆ ತಿಳಿಯುವ ಹಾಗೆ ಹೇಳಿದೆ: “ನೀನು ಹೇಳಿದ್ದನ್ನ ಹಂಗೇ ಸಮಿತಿಗೆ ಹೇಳ್ತೀನಿ. ಬೆನ್ನಿನ ಮೇಲೆ ಏನಾಗಿದೆ ಅಂತ ಅವರಿಗೂ ಗೊತ್ತು, ಅದನ್ನ ಮುಚ್ಚಿಡೋಕೆ ಆಗಲ್ಲ. ಕೊನೆಗೆ ತೀರ್ಮಾನ ಮಾಡೋದು ಅವರು.” ಹಾಗೇ ಮಾಡಿದೆ. ಅವನನ್ನು ಮನೆಗೆ ಕಳಿಸಲಿಲ್ಲ. ಆದರೆ ಅಪ್ಪ ಬಂದು, ಒಬ್ಬ ಸಿಬ್ಬಂದಿಯ ಎದುರಿಗೆ, ಮಗನನ್ನು ನೋಡಿ ಹೋಗಬಹುದು ಅಂತ ಆದೇಶದಲ್ಲಿ ಬರೆದರು. ಅವನ ಮಾತು ಯಾರೂ ಕೇಳದೇ ಇದ್ದಿದ್ದರೆ ಆ ಸಾಲು ಇರುತ್ತಲೇ ಇರಲಿಲ್ಲ. ತನಗೆ ಸಂಬಂಧಪಟ್ಟ ಎಲ್ಲ ತೀರ್ಮಾನಗಳಲ್ಲೂ ಮಾತಾಡುವ ಹಕ್ಕು ಮಗುವಿಗಿದೆ ಅಂತ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ.

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅಪ್ಪ ತೀರಿಹೋಗಿ ಎರಡು ವರ್ಷ, ಅಮ್ಮ ಹೋಗಿ ಕೆಲವು ತಿಂಗಳು. ಅಕ್ಕ ತಮ್ಮ ಬೇರೆ ಬೇರೆ ದಿನ, ಬೇರೆ ಬೇರೆ ಊರಿನಲ್ಲಿ ಸಿಕ್ಕಿದ್ದರು. ಹಾಗಾಗಿ ಎರಡು ಫೈಲು. ಮಗು ಸಿಕ್ಕ ಇಪ್ಪತ್ನಾಲ್ಕು ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು, 15 ದಿನದಲ್ಲಿ ಸಾಮಾಜಿಕ ತನಿಖಾ ವರದಿ ಬರಬೇಕು, ನಾಲ್ಕು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು. ಇದೆಲ್ಲ ಇಬ್ಬರಿಗೂ ಸರಿಯಾಗಿಯೇ ನಡೆದಿತ್ತು. ಆದರೆ ಒಂದು ಫೈಲು ಇನ್ನೊಂದನ್ನು ನೋಡಿರಲಿಲ್ಲ.

ಅವಳ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಬಟ್ಟೆಯ ಕೆಳಗೆ ಮಡಿಸಿ ಇಟ್ಟುಕೊಂಡಿದ್ದಳು. ಅದರೊಳಗೆ ಅಮ್ಮನ ರೇಷನ್ ಕಾರ್ಡು. ನೀರು ಬಿದ್ದು ಒಂದು ಮೂಲೆ ಮೆತ್ತಗಾಗಿತ್ತು. ಅವಳು ಬೆರಳಿಟ್ಟು ತೋರಿಸಿದಳು: ಅಮ್ಮ, ಅಪ್ಪ, ತಾನು, ಕೊನೆಯಲ್ಲಿ ತಮ್ಮ. “ನಾನು ಹೇಳಿದ್ದೆ ಮೇಡಂ, ಯಾರೂ ಇದನ್ನ ನೋಡಲಿಲ್ಲ.”

ಆ ಹೆಸರು ಹಿಡಿದು ಹುಡುಕಿದಾಗ ಗೊತ್ತಾಯಿತು, ಏಳು ವರ್ಷದ ತಮ್ಮನನ್ನು ಫಾಸ್ಟರ್ ಕೇರ್‌ಗೆ ಕೊಡುವ ಮಾತು ನಡೆದಿತ್ತು. ಫಾಸ್ಟರ್ ಕೇರ್ ಅಂದರೆ ದತ್ತು ಅಲ್ಲ. ಮಗು ಸಮಿತಿಯ ಆದೇಶದ ಮೇಲೆ ಬೇರೊಂದು ಕುಟುಂಬದಲ್ಲಿ ಬೆಳೆಯುತ್ತದೆ. ಕಾನೂನಿನ ಲೆಕ್ಕದಲ್ಲಿ ಅದು ಆ ಮನೆಯ ಮಗು ಆಗುವುದಿಲ್ಲ. ಖರ್ಚಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ. ಬಾಲಮಂದಿರಕ್ಕಿಂತ ಮನೆಯೇ ಮೇಲು ಅನ್ನುವುದು ಕಾಯ್ದೆಯ ಮೂಲ ಆಶಯ, ನಾನೂ ಅದನ್ನು ಪೂರ್ತಿ ಒಪ್ಪುತ್ತೇನೆ. ಅವನನ್ನು ಕೇಳಿದ್ದ ದಂಪತಿ ಒಳ್ಳೆಯವರೇ. ಅವರಿಗೆ ಅಕ್ಕ ಇದ್ದಾಳೆ ಅನ್ನುವುದೇ ಗೊತ್ತಿರಲಿಲ್ಲ.

ನಾನು ಅರ್ಜಿ ಹಾಕಿದೆ. ಅದರಲ್ಲಿ ದೊಡ್ಡ ವಾದ ಏನೂ ಇರಲಿಲ್ಲ. ಫಾಸ್ಟರ್ ಕೇರ್ ಬಗ್ಗೆ ಹೇಳುವ 44ನೇ ಸೆಕ್ಷನ್ನಿನಲ್ಲೇ, ಒಡಹುಟ್ಟಿದವರನ್ನು ಒಟ್ಟಿಗೆ ಇರಿಸಲು ಎಲ್ಲ ಪ್ರಯತ್ನ ಮಾಡಬೇಕು ಅಂತ ಇದೆ. ಒಟ್ಟಿಗಿದ್ದರೆ ಅವರಿಗೇ ತೊಂದರೆ ಅನ್ನುವಂತಿದ್ದರೆ ಮಾತ್ರ ಬೇರೆ ಮಾತು. ಜೊತೆಗೆ ರೇಷನ್ ಕಾರ್ಡಿನ ಜೆರಾಕ್ಸ್ ಲಗತ್ತಿಸಿದೆ. ಸಮಿತಿಯವರು ಎರಡೂ ಫೈಲು ಒಟ್ಟಿಗೆ ತರಿಸಿ ನೋಡಿದರು. ಮುಂದಿನ ಭಾನುವಾರವೇ ಅಕ್ಕ ತಮ್ಮನ ಭೇಟಿ ಮಾಡಿಸಿದರು. ಅವನು ಅಷ್ಟರಲ್ಲಿ ಎತ್ತರ ಆಗಿದ್ದ. ಅವಳು ಮೊದಲು ಅವನ ತಲೆಗೂದಲು ಸರಿಮಾಡಿದಳು, ಆಮೇಲೆ ಅತ್ತಳು.

ಆಮೇಲೆ ಅಮ್ಮನ ತಂಗಿ ಸಿಕ್ಕರು. ಕೂಲಿ ಕೆಲಸ, ಒಂದೇ ಕೋಣೆಯ ಮನೆ. “ನಮ್ಮಕ್ಕನ ಮಕ್ಕಳು, ಬಿಡಲ್ಲ. ಆದ್ರೆ ಹೊಟ್ಟೆಗೆ ಏನು ಹಾಕಲಿ?” ಅಂದರು. ಬಂಧುಗಳ ಮನೆಯಲ್ಲಿ ಬೆಳೆಯುವ ಅನಾಥ ಮಕ್ಕಳಿಗೆ ಪ್ರಾಯೋಜಕತ್ವ ಯೋಜನೆ ಇದೆ, ಅದರಲ್ಲೂ ಮಗುವಿಗೆ ತಿಂಗಳಿಗೆ 4000 ರೂಪಾಯಿಯೇ. ಇಬ್ಬರಿಗೂ ಅರ್ಜಿ ಕೊಡಿಸಿದೆವು. ಮಕ್ಕಳು ಈಗ ಚಿಕ್ಕಮ್ಮನ ಮನೆಯಲ್ಲಿದ್ದಾರೆ.

ಎಲ್ಲ ಆದೇಶಗಳೂ ಹೀಗೆ ಬರುವುದಿಲ್ಲ. ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಫಾಸ್ಟರ್ ಕೇರ್, ಪ್ರಾಯೋಜಕತ್ವದ ವಿಷಯವಾದರೆ ಹೋಗಬೇಕಾದ್ದು ಜಿಲ್ಲಾಧಿಕಾರಿಗಳ ಹತ್ತಿರ. ಮಗುವಿಗೆ ವಕೀಲರೇ ಇಲ್ಲದಿದ್ದರೆ ಈ 30 ದಿನ ಸುಮ್ನೆ ಕಳೆದುಹೋಗುತ್ತದೆ.

ವಕೀಲರು ಬೇಕು ಅಂದರೆ ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರೂ ಸಾಕು. ಮಕ್ಕಳಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಆದಾಯದ ಮಿತಿ ಇಲ್ಲ, ಫೀಸೂ ಇಲ್ಲ. ಮಗುವಿನ ಪರವಾಗಿ ಮೇಷ್ಟ್ರು ಕೇಳಬಹುದು, ಅಂಗನವಾಡಿ ಟೀಚರ್ ಕೇಳಬಹುದು, ಅಜ್ಜಿ ಕೇಳಬಹುದು. ಫೋನ್ ಮಾಡುವುದಾದರೆ 15100. ಮಗು ಅಪಾಯದಲ್ಲಿದ್ದರೆ ಮೊದಲು 1098.

ಈ ಮಕ್ಕಳ ಕೇಸು ನನ್ನ ಟೇಬಲ್ಲಿನಿಂದ ಇನ್ನೂ ಹೋಗಿಲ್ಲ. ಅಪ್ಪನ ಹೆಸರಿನಲ್ಲಿ ಎರಡು ಎಕರೆ ಚಿಲ್ಲರೆ ಒಣಭೂಮಿ ಇತ್ತು, ಮೆಕ್ಕೆಜೋಳ ಹಾಕುತ್ತಿದ್ದರಂತೆ. ಪಹಣಿ ತೆಗೆಸಿ ನೋಡಿದರೆ ಈಗ ದೊಡ್ಡಪ್ಪನ ಹೆಸರಿದೆ. ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಕೊಟ್ಟಿದ್ದ ವಂಶವೃಕ್ಷದಲ್ಲಿ ಇಬ್ಬರು ಮಕ್ಕಳೂ ಇಲ್ಲ. ಬಾಲಮಂದಿರದಲ್ಲಿರುವ ಮಗುವಿನ ಪಹಣಿ ತೆಗೆಸಿ ನೋಡುವುದು ಯಾರ ಕೆಲಸ? ಸಮಾಲೋಚಕರದ್ದಲ್ಲ, ವಾರ್ಡನ್‌ದೂ ಅಲ್ಲ. ಅದಕ್ಕೇ ನಾನು ಈಗ ಯಾವ ಮಗುವಿನ ಕೇಸು ಬಂದರೂ ಮೊದಲ ವಾರದಲ್ಲೇ ಜಮೀನು, ಅಪಘಾತದ ಪರಿಹಾರ, ಬ್ಯಾಂಕ್ ಪಾಸ್‌ಬುಕ್ ಇದೆಯಾ ಅಂತ ಕೇಳುತ್ತೇನೆ.

ಚಿಕ್ಕಮ್ಮನನ್ನು ಮುಂದಿಟ್ಟುಕೊಂಡು ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕಿದ್ದೇವೆ. ಅದೇ ರೇಷನ್ ಕಾರ್ಡು, ಶಾಲೆಯ ದಾಖಲೆ, ಇಬ್ಬರ ಜನನ ಪತ್ರ ಲಗತ್ತಿಸಿದ್ದೇವೆ. ಸಿವಿಲ್ ಕೋರ್ಟಿಗೆ ಹೋಗಬೇಕಾಗಿ ಬಂದರೂ ಬರಬಹುದು. ಕಾರ್ಡಿನ ಅಸಲು ಮಾತ್ರ ಅವಳ ಹತ್ತಿರವೇ ಇದೆ, ನಾನು ಕೇಳಿದರೂ ಕೊಟ್ಟಿಲ್ಲ. ವಾಯಿದೆ ಇರುವ ದಿನ ತಾನೇ ಕವರ್ ಹಿಡಿದುಕೊಂಡು, ತಮ್ಮನ ಕೈ ಹಿಡಿದುಕೊಂಡು ಬರುತ್ತಾಳೆ.