ಹದಿನಾಲ್ಕು ನಿಂಬೆಹಣ್ಣು, ಹನ್ನೆರಡು ವೋಲ್ಟ್

ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿಯೋ ಅಂಬಾಸಿಡರೋ ಹಠಾತ್ತನೆ ನಿಂತಿತು ಎನ್ನಿ. ದೀಪವಿಲ್ಲ, ಹಾರ್ನ್ ಇಲ್ಲ, ಕೀಲಿ ತಿರುಗಿಸಿದರೆ ಸೆಲ್ಫ್ ಮಿಸುಕುವುದಿಲ್ಲ. ಸುತ್ತ ನೆರೆದವರಲ್ಲಿ ಅರ್ಧ ಜನ ಬ್ಯಾಟರಿ ಸತ್ತಿದೆ ಎನ್ನುತ್ತಾರೆ, ಉಳಿದರ್ಧ ಆ ತಿರುವಿನಲ್ಲಿ ಏನೋ ಇದೆ ಎನ್ನುತ್ತಾರೆ. ಮೊದಲಿನವರು ಹೊಸ ಬ್ಯಾಟರಿಗೆ ದುಡ್ಡು ಸುರಿಯುತ್ತಾರೆ, ಎರಡನೆಯವರು ಬಂಪರಿಗೆ ನಿಂಬೆಹಣ್ಣು ಕಟ್ಟುತ್ತಾರೆ. ನನಗಂತೂ ಇಬ್ಬರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರೂ ಅಳೆದು ನೋಡಿಲ್ಲ.

ಅಳೆಯಲು ಹೋದವರೂ ಎಡವುವುದುಂಟು. ಬ್ಯಾಟರಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರಿನ ಕಡ್ಡಿ ಇಟ್ಟರೆ 12.6 ವೋಲ್ಟ್ ತೋರಿಸುತ್ತದೆ. ಕರೆಂಟ್ ಬರುತ್ತಿದೆಯಲ್ಲ, ಮತ್ತೇಕೆ ಗಾಡಿ ಸತ್ತಿದೆ ಎಂದು ತಲೆ ಕೆರೆದುಕೊಳ್ಳುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೆ: ಕಟ್ಟಿದ ಆ ನಿಂಬೆಹಣ್ಣನ್ನೇ ಬಿಚ್ಚಿ ತನ್ನಿ. ಅದಕ್ಕೊಂದು ತಾಮ್ರದ ತಂತಿ, ಒಂದು ಸತುವಿನ ಲೇಪದ ಮೊಳೆ ಚುಚ್ಚಿದರೆ ಸುಮಾರು 0.9 ವೋಲ್ಟ್ ಸಿಗುತ್ತದೆ. ಇಂಥ ಹದಿನಾಲ್ಕು ಹಣ್ಣುಗಳನ್ನು ಸಾಲಾಗಿ ಜೋಡಿಸಿದರೆ ಮೀಟರು ಬ್ಯಾಟರಿಗೆ ತೋರಿಸಿದಷ್ಟೇ ವೋಲ್ಟನ್ನು ನಿಂಬೆಸಾಲಿಗೂ ತೋರಿಸುತ್ತದೆ. ಹೆಡ್‌ಲೈಟ್ ಸಿಕ್ಕಿಸಿ ನೋಡಿ, ಮಿಣುಕು ಕೂಡ ಇಲ್ಲ. ನಿಂಬೆಯಿಂದ ಬರುವುದು ಒಂದೆರಡು ಮಿಲಿಆಂಪಿಯರ್ ಇದ್ದರೆ ಹೆಚ್ಚು. ಸೆಲ್ಫ್ ಮೋಟಾರಿಗೆ ಬೇಕಾದದ್ದು ನೂರಕ್ಕೂ ಹೆಚ್ಚು ಆಂಪಿಯರ್.

ಇದನ್ನು ಮೊದಲು ಲೆಕ್ಕಕ್ಕೆ ಇಳಿಸಿದವನು ಜರ್ಮನ್ ವಿಜ್ಞಾನಿ ಗೇಯಾರ್ಗ್ ಓಮ್. 1826ರಲ್ಲಿ ಅವನು ಪ್ರಯೋಗಕ್ಕೆ ಕುಳಿತಾಗ ಆಗಿನ ಬ್ಯಾಟರಿಗಳಾದ ವೋಲ್ಟಾನ ಕೋಶಗಳು ಕೈಕೊಡುತ್ತಿದ್ದವು, ವೋಲ್ಟೇಜ್ ಒಂದೇ ಸಮ ನಿಲ್ಲುತ್ತಿರಲಿಲ್ಲ. ಹಾಗಾಗಿ ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದು, ಒಂದು ತುದಿಯನ್ನು ಕುದಿನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿಟ್ಟು ಸ್ಥಿರವಾದ ವಿದ್ಯುತ್ ಪಡೆದ. ಅವನ ಸೂತ್ರದ ಛೇದದಲ್ಲಿ ಎರಡು ಪದಗಳಿದ್ದವು: ಪರೀಕ್ಷೆಗಿಟ್ಟ ತಂತಿಯ ತಡೆ (ರೆಸಿಸ್ಟೆನ್ಸ್) ಒಂದು, ವಿದ್ಯುತ್ತು ಸುತ್ತಿಬರುವ ಮಂಡಲದ ಉಳಿದ ಭಾಗದ ತಡೆ ಇನ್ನೊಂದು. ಶಾಲೆಯಲ್ಲಿ ನಾವು ಉರುಹೊಡೆಯುವ ಸೂತ್ರದಲ್ಲಿ ಈ ಎರಡನೆಯದು ಮಾಯವಾಗಿದೆ. ಹಳೆಯ ಕಾರಿನ ರೋಗ ಹೆಚ್ಚಾಗಿ ಇರುವುದೇ ಅದರಲ್ಲಿ.

ಬ್ಯಾಟರಿಯ ಟರ್ಮಿನಲ್ ಬಿಚ್ಚಿ ನೋಡಿ. ಹೊರಗೆ ಸೀಸ ಮಿರುಗುತ್ತಿರುತ್ತದೆ, ಕ್ಲಾಂಪಿನ ಒಳಮೈಯಲ್ಲಿ ಮಾತ್ರ ಉಗುರಿನಿಂದ ಕೆರೆದರೆ ಉದುರುವ ಕಪ್ಪು-ಬೂದು ಪದರ ಕೂತಿರುತ್ತದೆ. ಆ ಪದರದ ತಡೆ ಬರೀ 0.1 ಓಮ್ ಎಂದುಕೊಳ್ಳಿ. ಎರಡು ಹೆಡ್‌ಲೈಟ್ ಎಳೆಯುವ ಏಳೆಂಟು ಆಂಪಿಯರಿಗೆ ಮುಕ್ಕಾಲು ವೋಲ್ಟ್ ನಷ್ಟ; ದೀಪ ತುಸು ಮಂಕಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಸೆಲ್ಫ್ ಬರೀ 80 ಆಂಪಿಯರ್ ಎಳೆದರೂ ಎಂಟು ವೋಲ್ಟ್ ಆ ಪದರದಲ್ಲೇ ಬಿಸಿಯಾಗಿ ಕರಗಿಹೋಗುತ್ತದೆ. ಪದರದ ತಡೆ ಸಾವಿರ ಓಮ್ ಆದರೆ ಗಾಡಿ ಪೂರ್ತಿ ಸತ್ತಂತೆ. ಆಗಲೂ ಮೀಟರಿನ ಅಂಕಿ ಇಳಿಯುವುದಿಲ್ಲ, ಏಕೆಂದರೆ ಡಿಜಿಟಲ್ ಮೀಟರಿನ ಸ್ವಂತ ತಡೆ ಸಾಮಾನ್ಯವಾಗಿ ಒಂದು ಕೋಟಿ ಓಮ್. ಅದು ಎಳೆಯುವ ವಿದ್ಯುತ್ತು ಎಷ್ಟು ಕಡಿಮೆ ಎಂದರೆ, ಆ ಪದರದಲ್ಲಿ ಕಳೆದುಹೋಗುವುದು ವೋಲ್ಟಿನ ಸಾವಿರದಲ್ಲೊಂದು ಪಾಲು ಮಾತ್ರ.

ಕಾರವಾರ, ಅಂಕೋಲೆ ಕಡೆಯ ಗಾಡಿಗಳಿಗೆ ಈ ಕಾಟ ಹೆಚ್ಚು; ಕಡಲ ಗಾಳಿ ಉಪ್ಪನ್ನು ಹೊತ್ತು ತರುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿತೆಂದರೆ ಅಡುಗೆ ಉಪ್ಪು ತಾನಾಗಿ ನೀರೊಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ ಇರುವುದೇ ಅಪರೂಪ. ತಾಮ್ರ, ಸೀಸ, ಕಬ್ಬಿಣ ಒಂದನ್ನೊಂದು ಮುಟ್ಟಿಕೊಂಡಿರುವ ಕಡೆ ಉಪ್ಪುನೀರಿನ ಪಸೆ ಬಿದ್ದರೆ ಅಲ್ಲೊಂದು ಪುಟ್ಟ ನಿಂಬೆಕೋಶವೇ ತಯಾರಾಗಿ ಲೋಹವನ್ನು ತಿನ್ನುತ್ತದೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಆದ್ದರಿಂದ ಅದನ್ನು ಗಾಡಿಯ ಲೋಹದ ಬಾಡಿಯೊಂದಿಗೆ ಜೋಡಿಸಿ ವಿದ್ಯುತ್ತಿಗೆ ಮರಳುದಾರಿ ಕೊಡುವ ಅರ್ಥ್ ಪಟ್ಟಿ, ತಾಮ್ರದ ಹೆಣಿಗೆಯದು, ಅನಿವಾರ್ಯ. ನೋಡಲು ಗಟ್ಟಿಯಾಗಿಯೇ ಇರುವ ಪಟ್ಟಿಯನ್ನು ಬೆರಳಲ್ಲಿ ಹಿಸುಕಿದರೆ ಹಸಿರು ಕಿಲುಬು ಪುಡಿಪುಡಿಯಾಗಿ ಉದುರುವುದುಂಟು. ಪಟ್ಟಿ ಕೈಕೊಟ್ಟರೆ ವಿದ್ಯುತ್ತು ಬಾಡಿಯಿಂದ ಎಂಜಿನ್ನಿಗೆ ಹೋಗುವ ಲೋಹದ ಚೋಕ್ ಕೇಬಲ್ಲಿನ ದಾರಿ ಹಿಡಿಯುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾದರೆ ಬೇರೆ ಸಾಕ್ಷಿ ಬೇಡ.

ಕಾಯಿ ಒಡೆದು ಹೊರಟರೆ ಗಾಡಿ ಸರಿಹೋಗುತ್ತದೆ ಎಂಬ ಮಾತೂ ಸುಳ್ಳೇನಲ್ಲ. ಘಟ್ಟದ ಕುಲುಕಾಟಕ್ಕೆ ಸಡಿಲವಾಗಿ, ಬಿಸಿಗೆ ಹಿಗ್ಗಿ ಬಿಟ್ಟುಕೊಂಡ ಸಂಪರ್ಕ, ಪೂಜೆ ಮುಗಿಯುವ ಹೊತ್ತಿಗೆ ತಣಿದಿರುತ್ತದೆ. ಬಾನೆಟ್ಟನ್ನು ಧಡಾರನೆ ಮುಚ್ಚಿದ ಪೆಟ್ಟಿಗೆ ಮತ್ತೆ ಕೂಡಿಕೊಳ್ಳುತ್ತದೆ. ಮುಂದಿನ ತಿರುವಿನವರೆಗೆ.

ಪತ್ತೆಗೆ ಒಂದು ತಂತಿಯನ್ನೂ ಬಿಚ್ಚಬೇಕಾಗಿಲ್ಲ. ಹೆಡ್‌ಲೈಟ್ ಸ್ವಿಚ್ ಒತ್ತಿಯೇ ಇರಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಗೂಟದ ಮೇಲೆ, ಇನ್ನೊಂದು ಅದನ್ನು ಅಪ್ಪಿರುವ ಕ್ಲಾಂಪಿನ ಮೇಲೆ. ಸೊನ್ನೆಯ ಆಸುಪಾಸು ಬಂದರೆ ಅಲ್ಲಿ ದೋಷವಿಲ್ಲ. ಹನ್ನೆರಡು ಬಂದರೆ ಕಳ್ಳ ಸಿಕ್ಕಿದ. ಆಮೇಲೆ ಮೈನಸ್ ಗೂಟದಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ; ಎಂಜಿನ್ನಿನ ಸರದಿಯಲ್ಲಿ ಒಬ್ಬರು ಸೆಲ್ಫ್ ಹೊಡೆಯಬೇಕು, ಆಗ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು. ದೀಪ ಮಾತ್ರ ಹೋಗಿ ಉಳಿದದ್ದೆಲ್ಲ ಸರಿಯಿದ್ದರೆ ಫ್ಯೂಸ್ ನೋಡಿ. ಪದ್ಮಿನಿಯ ಚೂಪುತುದಿಯ ಫ್ಯೂಸನ್ನು ಜಾಗದಲ್ಲೇ ತಿರುಗಿಸಿದರೂ ಸಾಕಾಗುವುದುಂಟು.

ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದು, ಮೇಲಿಂದ ವ್ಯಾಸಲಿನ್ ಸವರಿ. ಬಿಚ್ಚುವಾಗ ಬಾಡಿಗೆ ಸೇರಿದ ತುದಿ ಮೊದಲು, ಕೂಡಿಸುವಾಗ ಅದೇ ಕೊನೆಗೆ. ಆ ತುದಿ ಮೈನಸ್ಸೇ ಆಗಿರಬೇಕೆಂದಿಲ್ಲ. 1950ರ ದಶಕದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಕೊಟ್ಟಿದ್ದು ಪ್ಲಸ್.